ಆಲ್ಪ್ಸ್‌ನಲ್ಲಿ ಆರು ದಿನದ ಬೇಸಿಗೆ ಪರ್ವತಾರೋಹಣ ಕೋರ್ಸ್: ಮಾಡಿದವರು ಯಾರಾದರೂ ಇದ್ದೀರಾ?

ಅರಸೀಕೆರೆ ಹುಡುಗ:

ಎಲ್ಲರಿಗೂ ನಮಸ್ಕಾರ. ಊರು ಅರಸೀಕೆರೆ. ಮೂರು ವರ್ಷದಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇನೆ. ವಯಸ್ಸು 34. ಇಲ್ಲಿ ಗುಡ್ಡ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ವಾಲ್ಸರ್‌ಬರ್ಗ್ ಅಂತ ಒಂದಿದೆ, 322 ಮೀಟರ್. ಅದನ್ನೇ ಬೆಟ್ಟ ಅಂತ ಫೋಟೋ ತೆಗೆಸಿಕೊಳ್ಳುತ್ತಾರೆ. ಮಾಲೇಕಲ್ ತಿರುಪತಿಯ ಮೆಟ್ಟಿಲು ಹತ್ತಿ ಬೆಳೆದ ನನಗೆ ಮೊದಲ ಸಲ ನೋಡಿದಾಗ ನಗು ಬಂತು.

ವಿಷಯಕ್ಕೆ ಬರುತ್ತೇನೆ. ಮುಂದಿನ ಜುಲೈನಲ್ಲಿ ಫ್ರಾನ್ಸ್‌ನ ಶಮೋನಿಯಲ್ಲಿ ಆರು ದಿನದ ಕೋರ್ಸ್ ಸೇರಬೇಕು ಅಂತಿದ್ದೇನೆ. ಗೈಡ್ ಜೊತೆಗಿದ್ದು ಹಿಮನದಿ ಮೇಲೆ ನಡೆಯುವುದು, ಕ್ರ್ಯಾಂಪಾನ್, ಐಸ್ ಆಕ್ಸ್, ಹಗ್ಗದ ಕೆಲಸ ಎಲ್ಲ ಕಲಿಸುತ್ತಾರಂತೆ. ಕುಮಾರಪರ್ವತ ನಾಲ್ಕು ಸಲ ಹತ್ತಿದ್ದೇನೆ. ಹಿಮಾಲಯದಲ್ಲಿ ಹಮ್ಟಾ ಪಾಸ್ ಒಂದೇ. ಹಿಮದ ಮೇಲೆ ಕಾಲಿಟ್ಟಿದ್ದು ಒಟ್ಟು ಸೇರಿಸಿದರೆ ಒಂದು ಗಂಟೆ ಇರಬಹುದು, ಅದರಲ್ಲೂ ಅರ್ಧ ಗಂಟೆ ಕೂತುಕೊಂಡೇ ಜಾರಿದ್ದು.

ತಲೆಯಲ್ಲಿ ಓಡುತ್ತಿರುವುದು ಇಷ್ಟು. ಗುಂಪಿನಲ್ಲಿ ನಾನೇ ಎಲ್ಲರಿಗಿಂತ ನಿಧಾನ ಆದರೆ? ಬೂಟು ಕೊಳ್ಳಬೇಕಾ, ಬಾಡಿಗೆ ಸಾಕಾ? ನಾನು ಸಸ್ಯಾಹಾರಿ, ಮೊಟ್ಟೆಯೂ ಇಲ್ಲ, ಮೇಲೆ ಏನು ಸಿಗುತ್ತೆ? ಅದೇ ಆರು ದಿನದಲ್ಲಿ ಆಲ್ಪ್ಸ್‌ನ ಅತಿ ಎತ್ತರದ ತುದಿ ಮೋ ಬ್ಲಾಂ ಹತ್ತಿಸುವ ಪ್ಯಾಕೇಜ್ ಕೂಡ ಇದೆ, ಅದನ್ನೇ ತಗೊಳ್ಳೋದು ಬುದ್ಧಿವಂತಿಕೆ ಅಲ್ವಾ? ಇಷ್ಟು ದುಡ್ಡಿನಲ್ಲಿ ಊರಿಗೆ ಹೋಗಿ ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಯಲ್ಲಿ ಕಲಿಯಬಹುದಲ್ಲ ಅಂತ ಅಣ್ಣ ಹೇಳುತ್ತಾನೆ. ಹೆಂಡತಿ ಏನೂ ಹೇಳುತ್ತಿಲ್ಲ, ಅದೇ ಭಯ.

ಕುದುರೆಮುಖ 1894:

ಸುಮ್ನೆ ಯಾಕ್ರೀ ಅಷ್ಟು ದುಡ್ಡು? ರಜೆ ಹಾಕಿ ಊರಿಗೆ ಬನ್ನಿ. ನವೆಂಬರ್‌ನಲ್ಲಿ ನಮ್ಮ ಘಟ್ಟ ಸುತ್ತಿ. ಹಿಮ ಒಂದಿಲ್ಲ ಅನ್ನುವುದು ಬಿಟ್ಟರೆ ಯಾವ ಆಲ್ಪ್ಸ್‌ಗೂ ಕಡಿಮೆ ಇಲ್ಲ.

ಅಡಕೆತೋಟ:

ಕುದುರೆಮುಖದವರೇ, ಹಿಮ ಒಂದು ಬಿಟ್ಟರೆ ಅಂದಿರಲ್ಲ, ಅವರು ಕೇಳುತ್ತಿರುವುದೇ ಆ ಒಂದರ ಬಗ್ಗೆ!

ಅರಸೀಕೆರೆಯವರೇ, ನಾನು 2022ರ ಜುಲೈನಲ್ಲಿ ಶಮೋನಿಯಲ್ಲಿ ಇದೇ ಥರದ ಕೋರ್ಸ್ ಮಾಡಿದೆ. ಆಗ ನನಗೆ 43. ಊರು ಸಾಗರದ ಕಡೆ, ಕೆಲಸ ಸ್ಟುಟ್‌ಗಾರ್ಟ್‌ನಲ್ಲಿ. ಉದ್ದ ಬರೆಯುತ್ತೇನೆ, ಕಾಫಿ ಹಿಡಿದುಕೊಂಡು ಕೂರಿ.

ಮೊದಲು ನಿಧಾನದ ಭಯ. ನಾವು ನಾಲ್ಕು ಜನ ಇದ್ದೆವು. ಬೆಲ್ಜಿಯಂನ ಅಪ್ಪ, ಮಗಳು. ಐರ್ಲೆಂಡ್‌ನ ಒಬ್ಬ ನರ್ಸ್. ಮತ್ತೆ ನಾನು. ಎಲ್ಲರಿಗಿಂತ ನಿಧಾನ ನಾನೇ. ಏನೂ ಆಗಲಿಲ್ಲ. ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಮೇಲೆ ಯಾರು ನಿಧಾನವೋ ಅವರ ನಡಿಗೆಯೇ ಎಲ್ಲರ ನಡಿಗೆ. ಗೈಡ್ ಎಷ್ಟು ನಿಧಾನ ನಡೆಯುತ್ತಿದ್ದ ಅಂದರೆ, ನಮ್ಮೂರ ಪಲ್ಲಕ್ಕಿ ಹೊತ್ತವರೇ ಅವನಿಗಿಂತ ಚುರುಕು. ಆದರೆ ಮೂರು ಗಂಟೆ ಒಂದೇ ಲಯ, ನಡುವೆ ನಿಲ್ಲುವುದೇ ಇಲ್ಲ. ನಮ್ಮ ಟ್ರೆಕ್‌ಗಳಲ್ಲಿ ಓಡಿ ಓಡಿ ಹತ್ತಿ, ಹತ್ತು ನಿಮಿಷ ಕೂತು ಏದುಸಿರು ಬಿಡುತ್ತೇವಲ್ಲ, ಆ ಅಭ್ಯಾಸ ಬಿಡಿಸಲು ಅವನಿಗೆ ಎರಡು ದಿನ ಬೇಕಾಯಿತು. ಕುಕ್ಕೆಯಿಂದ ಕುಮಾರಪರ್ವತ ನಾಲ್ಕು ಸಲ ಹತ್ತಿದವರಿಗೆ ದಮ್ಮು ಸಾಲದೇ ಹೋಗುವುದಿಲ್ಲ. ಲ ಟೂರ್ ಅನ್ನುವ ಹಳ್ಳಿಯಿಂದ ಆಲ್ಬರ್ಟ್ ಪ್ರೀಮಿಯೇ ಹಟ್‌ಗೆ, ಅಂದರೆ ಬೆಟ್ಟದ ಮೇಲಿನ ತಂಗುಮನೆಗೆ, ನಡೆದೇ ಹೋದರೆ ಸುಮಾರು 1,250 ಮೀಟರ್ ಏರು. ಕುಮಾರಪರ್ವತಕ್ಕಿಂತ ಕಡಿಮೆಯೇ. ದಾರಿಯಲ್ಲಿ ಜಿಗಣೆಯೂ ಇಲ್ಲ.

ಮೊದಲ ದಿನ ಮೊಂಟಾನ್ವೇರ್. ಶಮೋನಿ ಊರು ಇರುವುದು 1,035 ಮೀಟರ್‌ನಲ್ಲಿ. ಅಲ್ಲಿಂದ 1909ರಿಂದ ಓಡುತ್ತಿರುವ ಹಲ್ಲುಗಾಲಿ ರೈಲು, ಕೆಂಪು ಬಣ್ಣದ್ದು, 1,913 ಮೀಟರ್‌ಗೆ ಒಯ್ದು ಬಿಡುತ್ತದೆ. ಅಂದರೆ ಹತ್ತಿರ ಹತ್ತಿರ ನಮ್ಮ ಮುಳ್ಳಯ್ಯನಗಿರಿಯ ತುದಿ. ಅಲ್ಲಿಂದ ಕೆಳಗೆ ಮೇರ್ ದ ಗ್ಲಾಸ್ ಹಿಮನದಿಗೆ ಇಳಿಯಬೇಕು. ನಾವು ಹೋದಾಗ ಐನೂರಕ್ಕೂ ಜಾಸ್ತಿ ಮೆಟ್ಟಿಲು. ಇಳಿಯುತ್ತಾ ಹೋದ ಹಾಗೆ ಬಂಡೆಗೆ ಬೋರ್ಡು ಹೊಡೆದಿದ್ದಾರೆ, ಯಾವ ವರ್ಷ ಹಿಮನದಿ ಎಲ್ಲಿಯವರೆಗೆ ಇತ್ತು ಅಂತ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗಿನ ಬೋರ್ಡು ದಾಟಿ ಎಷ್ಟು ಇಳಿದರೂ ಐಸ್ ಸಿಗಲೇ ಇಲ್ಲ. ಬೆಲ್ಜಿಯಂ ಹುಡುಗಿ ತಾನು ಹುಟ್ಟಿದ ವರ್ಷದ ಮಟ್ಟದ ಹತ್ತಿರ ನಿಂತು ಫೋಟೋ ತೆಗೆಸಿಕೊಂಡಳು, ಅಲ್ಲಿಂದ ಕೆಳಗೂ ಮೆಟ್ಟಿಲು ಬಾಕಿ ಇತ್ತು. 2024ರಲ್ಲಿ ಹೊಸ ಕೇಬಲ್ ಕಾರ್ ಆಗಿದೆ, ಹಿಮನದಿಯ ಇನ್ನೂ ಮೇಲಿನ ಭಾಗಕ್ಕೆ ಇಳಿಸುತ್ತದೆ. ಹಾಗಾಗಿ ನಿಮಗೆ ಅಷ್ಟು ಮೆಟ್ಟಿಲು ಬರಲಿಕ್ಕಿಲ್ಲ.

ಅಲ್ಲಿ ಇಡೀ ದಿನ ಕಲಿಸಿದ್ದು ನಡೆಯುವುದನ್ನು. ಅಷ್ಟೇ. ಕ್ರ್ಯಾಂಪಾನ್ ಅಂದರೆ ಬೂಟಿನ ಅಡಿಗೆ ಕಟ್ಟುವ ಹನ್ನೆರಡು ಉಕ್ಕಿನ ಮೊಳೆಗಳ ಚೌಕಟ್ಟು. ಅದನ್ನು ಹಾಕಿಕೊಂಡು ಮಾಮೂಲಿ ನಡೆದರೆ ಒಂದು ಕಾಲಿನ ಮೊಳೆ ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ನನಗೆ ಹತ್ತನೇ ನಿಮಿಷಕ್ಕೇ ಹಾಗಾಯಿತು. ಪ್ಯಾಂಟು ಹರಿಯಿತು, ಮೀನಖಂಡಕ್ಕೆ ಎರಡು ಗೀರು. ಮಳೆಗಾಲದಲ್ಲಿ ಪಂಚೆ ಎತ್ತಿಕಟ್ಟಿ ಗದ್ದೆಗೆ ಇಳಿದಾಗ ಹೇಗೆ ಕಾಲು ಅಗಲಿಸಿ, ಪಾದ ಪೂರ್ತಿ ಊರಿ ನಡೆಯುತ್ತೇವೋ ಹಾಗೇ ನಡೆಯಬೇಕು. ಇಳಿಜಾರಿನಲ್ಲಿ ನಮ್ಮ ಬುದ್ಧಿ ಹಿಮ್ಮಡಿ ಊರು, ಹಿಂದಕ್ಕೆ ವಾಲು ಅನ್ನುತ್ತದೆ. ವಾಲಿದರೆ ಹೋದಿರಿ. ಮಂಡಿ ಬಗ್ಗಿಸಿ, ಭಾರ ಪಾದದ ಮೇಲೆ ಹಾಕಿ, ಹನ್ನೆರಡರಲ್ಲಿ ಹತ್ತು ಮೊಳೆಗಳಾದರೂ ಐಸ್ ಕಚ್ಚುವ ಹಾಗೆ ಇಡಬೇಕು. ಎದುರಿನ ಎರಡು ಮೊಳೆಗಳು ಕಡಿದಾದ ಗೋಡೆಗೆ ಮಾತ್ರ. ಮೊದಲ ದಿನ ಇದೊಂದು ಸರಿಯಾಗಿ ಕಾಲಿಗೆ ಹತ್ತಿದರೆ ಕೋರ್ಸಿನ ಅರ್ಧ ದುಡ್ಡು ವಸೂಲಿ.

ಜಾರಿದಾಗ ಐಸ್ ಆಕ್ಸ್‌ನಿಂದ ನಿಲ್ಲಿಸಿಕೊಳ್ಳುವುದನ್ನು ಎರಡನೇ ದಿನ ಮೇಲೆ ಹಟ್ ಹತ್ತಿರದ ಹಿಮದಲ್ಲಿ ಮಾಡಿಸಿದರು. ಅಲ್ಲಿ ಬೇಕೆಂದೇ ಜಾರುತ್ತೀರಿ. ಹೊಟ್ಟೆಯ ಮೇಲೆ, ಬೆನ್ನಿನ ಮೇಲೆ, ಕೊನೆಗೆ ತಲೆ ಕೆಳಗಾಗಿ. ಅಭ್ಯಾಸಕ್ಕೆ ಕ್ರ್ಯಾಂಪಾನ್ ಬಿಚ್ಚಿಸಿರುತ್ತಾರೆ. ನಿಜವಾಗಿ ಬಿದ್ದಾಗ ಅದು ಕಾಲಲ್ಲಿದ್ದರೆ ಪಾದ ಎತ್ತಿ ಹಿಡಿಯಬೇಕು. ಮೊಳೆ ಹಿಮಕ್ಕೆ ಸಿಕ್ಕಿಕೊಂಡರೆ ಕಾಲು ಮುರಿಯುತ್ತದೆ, ಇಲ್ಲವೇ ದೇಹ ಮಗುಚಿಕೊಳ್ಳುತ್ತದೆ. ಮಕ್ಕಳಾಟದ ಹಾಗೆ ಖುಷಿಯಾಗುತ್ತದೆ. ಆದರೆ ಗಟ್ಟಿ ಐಸ್ ಮೇಲೆ ಇದು ಯಾವುದೂ ನಡೆಯುವುದಿಲ್ಲ, ಬೀಳದೇ ಇರುವುದನ್ನೇ ಕಲಿಯಿರಿ ಅಂತ ಗೈಡ್ ಹೇಳಿ ಆ ಖುಷಿಗೆ ನೀರು ಹಾಕಿದ.

ಈಗ ಹಗ್ಗ. ಇಲ್ಲಿ ಸ್ವಲ್ಪ ಊರಿನ ಕತೆ ಸಹಿಸಿಕೊಳ್ಳಿ. ನಮ್ಮನೆ ತೋಟದಲ್ಲಿ ಕೊನೆಕೊಯ್ಲಿಗೆ, ಅಂದರೆ ಅಡಕೆ ಗೊನೆ ಕೊಯ್ಯಲು, ಮರ ಹತ್ತುವ ಕೊನೆಗೌಡ ಬಂದಾಗ ಅವನು ಮರದ ತುದಿಯಿಂದ ಅಡಕೆ ಕೊನೆಯನ್ನು ಹಗ್ಗದ ಮೇಲೆ ಜಾರಿಸಿ ಬಿಡುತ್ತಿದ್ದ. ಕೆಳಗೆ ಹಗ್ಗದ ತುದಿ ಹಿಡಿದು ನಿಲ್ಲುವ ಕೆಲಸ ಎಷ್ಟೋ ಸಲ ನನ್ನದು. ತೀರಾ ಬಿಗಿ ಹಿಡಿದರೆ ಕೊನೆ ಸೀದಾ ಬಂದು ಎದೆಗೆ ಗುದ್ದುತ್ತಿತ್ತು. ಸಡಿಲ ಬಿಟ್ಟರೆ ನೆಲಕ್ಕೆ ಬಡಿದು ಅಡಕೆಯೆಲ್ಲ ಚೆಲ್ಲಾಪಿಲ್ಲಿ, ಆಮೇಲೆ ಅಪ್ಪನ ಪೂಜೆ. ಹಿಮನದಿಯ ಮೇಲೆ ನಡೆಯುವಾಗ ಕೈಗೆ ಬೇಕಾಗುವುದು ಅದೇ ಅಂದಾಜು. ಇಬ್ಬರ ನಡುವಿನ ಹಗ್ಗ ಹಿಮವನ್ನು ಸುಮ್ನೆ ಸವರಿಕೊಂಡು ಹೋಗಬೇಕು. ಮುಂದಿನವರು ನಿಂತರೆ ನೀವೂ ನಿಲ್ಲಬೇಕು. ಅವರ ಹತ್ತಿರ ಹೋಗಿ ಮಾತಾಡಲು ನಿಂತರೆ ಹಗ್ಗ ರಾಶಿ ಬೀಳುತ್ತದೆ. ಆಗ ಯಾರಾದರೂ ಹಿಮನದಿಯಲ್ಲಿ ಬಾಯ್ದೆರೆದ ಆಳದ ಬಿರುಕಿಗೆ ಬಿದ್ದರೆ ಆ ಸಡಿಲವೆಲ್ಲ ಮುಗಿಯುವವರೆಗೆ ಬೀಳುತ್ತಲೇ ಇರುತ್ತಾರೆ. ಆಮೇಲೆ ಬರುವ ಜಗ್ಗು ನಿಮ್ಮನ್ನೂ ಎಳೆಯುತ್ತದೆ. ಜನ ಕಡಿಮೆಯಾದಷ್ಟು ನಡುವಿನ ಅಂತರ ಜಾಸ್ತಿ. ಇಬ್ಬರೇ ಆದರೆ ಹನ್ನೆರಡು ಹದಿನೈದು ಮೀಟರ್ ಬಿಟ್ಟು, ಹಗ್ಗದ ನಡುವೆ ಗಂಟುಗಳನ್ನೂ ಹಾಕುತ್ತಾರೆ. ಬಿದ್ದವರ ಹಗ್ಗ ಬಿರುಕಿನ ಅಂಚನ್ನು ಕೊರೆಯುವಾಗ ಗಂಟು ಹಿಮಕ್ಕೆ ಸಿಕ್ಕಿಕೊಂಡು ತಡೆಯಲಿ ಅಂತ.

ಒಂದು ವಿಚಿತ್ರ ಹೇಳುತ್ತೇನೆ. ಕೆಳಗಿನ ಬರಿ ಐಸಿನ ಮೇಲೆ ಹಗ್ಗ ಕಟ್ಟಿಕೊಳ್ಳದೇ ನಡೆದೆವು, ಯಾಕೆಂದರೆ ಬಿರುಕು ಕಣ್ಣಿಗೆ ಕಾಣುತ್ತದೆ. ಮೇಲೆ ಹಾಲು ಚೆಲ್ಲಿದ ಹಾಗೆ ನುಣ್ಣಗೆ, ಸಪಾಟಾಗಿ ಕಾಣುವ ಹಿಮದ ಮೇಲೆ ಕಟ್ಟಿಕೊಂಡೆವು. ಅಲ್ಲಿ ಬಿರುಕಿನ ಮೇಲೆ ಹಿಮ ಮುಚ್ಚಿಕೊಂಡು ಸೇತುವೆಯಾಗಿರುತ್ತದೆ. ನಾನು ಅದಕ್ಕೆ ಸಂಕ ಅಂತಲೇ ಹೆಸರಿಟ್ಟೆ. ಬಯಲುಸೀಮೆಯವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಸಂಕ ಅಂದರೆ ನಮ್ಮ ಕಡೆ ಹಳ್ಳ ದಾಟಲು ಅಡಕೆ ಮರ ಅಡ್ಡ ಹಾಕಿ ಮಾಡುವ ಕಾಲುಸೇತುವೆ.

ಮೂರನೇ ದಿನ ಎಗ್ವಿ ದು ಟೂರ್ ಹತ್ತಬೇಕಿತ್ತು, 3,540 ಮೀಟರ್ ಸುಮಾರು. ತುದಿಗೆ ಹೋಗುವ ದಾರಿ ಒಂದು ಪಾಸ್ ದಾಟಿ ಸ್ವಿಟ್ಜರ್‌ಲ್ಯಾಂಡ್ ಕಡೆ ಹೊರಳುತ್ತದೆ. ಮೂರು ಗಂಟೆಗೆ ಎಬ್ಬಿಸಿದರು. ಬ್ರೆಡ್ಡು, ಜಾಮ್, ಬೋಗುಣಿಯಲ್ಲಿ ಕಾಫಿ. ಹೌದು, ಬೋಗುಣಿಯಲ್ಲೇ. ಅಷ್ಟು ಬೇಗ ಹೊರಡುವುದು ಯಾಕೆಂದರೆ ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗಿನ ಜಾವ ಗಟ್ಟಿ ಇರುತ್ತದೆ, ಬಿಸಿಲೇರಿದ ಮೇಲೆ ಸಂಕಗಳು ಮೆತ್ತಗಾಗುತ್ತವೆ, ಕಲ್ಲು ಉರುಳುತ್ತವೆ, ಮಧ್ಯಾಹ್ನ ಗುಡುಗು ಬೇರೆ. ಆದರೆ ಆ ವರ್ಷ ಬಿಸಿ ವಿಪರೀತ. ನಾವು ಹೋಗುವ ಕೆಲವೇ ದಿನ ಮುಂಚೆ, ಜುಲೈ 3ಕ್ಕೆ, ಇಟಲಿಯ ಮಾರ್ಮೊಲಾಡಾದಲ್ಲಿ ಹಿಮನದಿಯ ತುಂಡೇ ಕಳಚಿ ಬಿದ್ದು 11 ಜನ ತೀರಿಕೊಂಡಿದ್ದರು. ಅದೇ ತಿಂಗಳ 25ಕ್ಕೆ ಸ್ವಿಟ್ಜರ್‌ಲ್ಯಾಂಡ್ ಮೇಲೆ ಶೂನ್ಯ ಡಿಗ್ರಿ ಸಿಗಲು 5,184 ಮೀಟರ್‌ವರೆಗೆ ಹೋಗಬೇಕಾಗಿತ್ತು. ಮೋ ಬ್ಲಾಂ ತುದಿಗಿಂತ ಮೇಲೆ!

ಹಟ್ ಬಾಗಿಲು ತೆಗೆದಾಗ ಗೈಡ್ ಮೊದಲು ಆಕಾಶ ನೋಡಲಿಲ್ಲ, ಹಿಮಕ್ಕೆ ಬೂಟಿನ ಹಿಮ್ಮಡಿ ಗುದ್ದಿದ. ಕರ್ರ್ ಅನ್ನಬೇಕಿತ್ತು, ಪಚಕ್ ಅಂತು. ಏನೂ ಮಾತಾಡದೇ ಹೊರಟ. ಎರಡು ಗಂಟೆ ಹತ್ತಿದೆವು, ತಲೆದೀಪದ ಬೆಳಕಿನಲ್ಲಿ. ಐದೂವರೆ ಸುಮಾರಿಗೆ ಪೂರ್ವ ಕೆಂಪಾಗುತ್ತಿದ್ದಾಗ ಒಂದು ಸಂಕದ ಮುಂದೆ ನಿಂತ. ಆಕ್ಸ್‌ನ ಹಿಡಿಕೆ ಚುಚ್ಚಿದ, ಮೂರು ಸಲ. ಮೂರನೆಯ ಸಲ ಬುಡದವರೆಗೆ ಹೋಯಿತು. ಆಚೆಗೆ ತುದಿ ಕಾಣುತ್ತಿತ್ತು, ಕಂದು ಬಂಡೆ, ಮೇಲೆ ಆಗಲೇ ಬಿಸಿಲು.

‘ಈಗ ಇದು ನಮ್ಮನ್ನು ಹೊರುತ್ತದೆ’ ಅಂದ. ‘ಹತ್ತು ಗಂಟೆಗೆ ಹೊರುವುದಿಲ್ಲ. ನಾವು ಹತ್ತಕ್ಕೆ ವಾಪಸ್ ಇಲ್ಲೇ ಬರಬೇಕು.’

ತಿರುಗಿದೆವು. ನರ್ಸ್ ಅತ್ತಳು. ಬೆಲ್ಜಿಯಂ ಅಪ್ಪ ಹತ್ತು ನಿಮಿಷ ವಾದ ಮಾಡಿದ, ಆಚೆ ಇನ್ನೊಂದು ಗುಂಪು ಹೋಗುತ್ತಿದೆಯಲ್ಲ ಅಂತ. ನನಗೂ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇಳಿಯುತ್ತಾ ಅಜ್ಜಿಯ ಮಾತು ನೆನಪಾಯಿತು. ಆಷಾಢದಲ್ಲಿ ಹಳ್ಳ ಮೊಣಕಾಲುದ್ದ ಇದ್ದರೂ ಅಜ್ಜಿ ಕೆಲವು ದಿನ ಬೆಳಿಗ್ಗೆ ಶಾಲೆಗೆ ಬಿಡುತ್ತಿರಲಿಲ್ಲ. ‘ಹೋಪಲೆ ಸಂಕ ಇದ್ದು, ಬಪ್ಪಲೆ ಇರ್ತಿಲ್ಲೆ’ ಅನ್ನುತ್ತಿದ್ದಳು. ಹೋಗಲು ಸಂಕ ಇದೆ, ಬರಲು ಇರುವುದಿಲ್ಲ ಅಂತ. ಸಂಜೆಯೊಳಗೆ ಘಟ್ಟದಲ್ಲಿ ಮಳೆ ಸುರಿದು ಹಳ್ಳ ಸಂಕದ ಮೇಲೆ ಹರಿಯುತ್ತಿತ್ತು. ಗೈಡ್ ಫ್ರೆಂಚಿನವನು, ಆಡಿದ್ದು ಅದೇ ಮಾತು.

ಆ ಉಳಿದ ದಿನ ಸುಮ್ನೆ ಹೋಗಲಿಲ್ಲ. ಹಟ್ ಹತ್ತಿರ ಬಿರುಕಿನಿಂದ ಎತ್ತುವುದನ್ನು ಮಾಡಿಸಿದ. ಬೆಲ್ಜಿಯಂ ಹುಡುಗಿಯನ್ನು ಒಂದು ಅಂಚಿನಿಂದ ಕೆಳಗೆ ಬಿಟ್ಟು, ಗೈಡ್ ತಾನು ಬೇರೆ ಹಗ್ಗದಲ್ಲಿ ಕಾವಲು ನಿಂತು, ಎತ್ತಿ ಅಂದ. ಮೊದಲು ಅವಳ ಭಾರ ಸೊಂಟದಲ್ಲಿ ತಡೆದು ಕೂರಬೇಕು. ಆಮೇಲೆ ಹಿಮದಲ್ಲಿ ಅಡ್ಡ ಕಾಲುವೆ ತೋಡಿ ಆಕ್ಸ್ ಹೂತು ಅದಕ್ಕೆ ಭಾರ ದಾಟಿಸಬೇಕು. ಹಗ್ಗ ಅಂಚು ಕೊರೆಯದ ಹಾಗೆ ಅಡಿಗೆ ಬ್ಯಾಗು ತುರುಕಬೇಕು. ಆಮೇಲೆ ಒಂದಕ್ಕೆ ಮೂರರ ರಾಟೆ. ಬಾವಿಯ ರಾಟೆ ಒಂದೇ ಇದ್ದರೆ ಭಾರ ಅಷ್ಟೇ ಇರುತ್ತದೆ, ಇಲ್ಲಿ ಹಗ್ಗವನ್ನು ಇಂಗ್ಲಿಷ್ ಜೆಡ್ ಅಕ್ಷರದ ಹಾಗೆ ತಿರುಗಿಸಿದರೆ ಮೂರು ಮೀಟರ್ ಎಳೆದಾಗ ಮನುಷ್ಯ ಒಂದು ಮೀಟರ್ ಮೇಲೆ ಬರುತ್ತಾನೆ. ಲೆಕ್ಕದಲ್ಲಿ ಭಾರ ಮೂರನೇ ಒಂದು. ಉಜ್ಜಾಟದಲ್ಲಿ ಅರ್ಧ ಲಾಭ ಹೋಗುತ್ತದೆ, ಅದನ್ನು ನನ್ನ ಅಂಗೈ ಹೇಳಿತು. 50 ಕೆಜಿ ಹುಡುಗಿಯನ್ನು ಮೇಲೆ ತರಲು ಮೂರು ಜನಕ್ಕೆ ನಲವತ್ತು ನಿಮಿಷ. ಅವಳು ಕೆಳಗಿನಿಂದ ಚಳಿ ಚಳಿ ಅಂತ ಕೂಗುತ್ತಿದ್ದಳು.

ನಾನು ಮನೆಯಲ್ಲಿ ಕಲಿತು ಹೋಗಿದ್ದು ಒಂದೇ, ಪ್ರೂಸಿಕ್ ಗಂಟು. 1931ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ ತೋರಿಸಿಕೊಟ್ಟದ್ದು. ಸಣ್ಣ ಹುರಿಯನ್ನು ದಪ್ಪ ಹಗ್ಗಕ್ಕೆ ಮೂರು ಸುತ್ತು ಸುತ್ತಿದರೆ, ಭಾರ ಇಲ್ಲದಾಗ ಜಾರುತ್ತದೆ, ಭಾರ ಬಿದ್ದ ಕೂಡಲೇ ಕಚ್ಚುತ್ತದೆ. ಅದಕ್ಕೆ ಕಾಲಿನ ಕುಣಿಕೆ ಕಟ್ಟಿಕೊಂಡು ನೇತಾಡುವ ಹಗ್ಗವನ್ನೇ ಹತ್ತಬಹುದು. ಕೊನೆಗೌಡ ಕಾಲಿಗೆ ತಳೆ, ಅಂದರೆ ಹಗ್ಗದ ಬಳೆ, ಹಾಕಿಕೊಂಡು ಮರ ಹತ್ತುವುದನ್ನು ನೋಡಿದವರಿಗೆ ಕುಣಿಕೆಯ ಮೇಲೆ ಎದ್ದು ನಿಲ್ಲುವ ಉಪಾಯ ತಟ್ಟನೆ ಹೊಳೆಯುತ್ತದೆ. ಗೈಡ್ ಕೇಳಿದ, ಎಲ್ಲಿ ಕಲಿತೆ ಅಂತ. ಅಡಕೆ ಮರವನ್ನು ಫ್ರೆಂಚಿನವನಿಗೆ ವಿವರಿಸಲು ಅರ್ಧ ಗಂಟೆ ಹೋಯಿತು. ನೀವು ಮಂಚದ ಕಾಲಿಗೆ ಹಗ್ಗ ಕಟ್ಟಿ ಈಗಿನಿಂದಲೇ ಅಭ್ಯಾಸ ಮಾಡಿ. ಗ್ಲೌಸ್ ಹಾಕಿಕೊಂಡು ಮಾಡಿ, ಮುಖ್ಯ.

ಕೊನೆಯ ದಿನ ಎಗ್ವಿ ದು ಮಿಡಿಯ ಕೇಬಲ್ ಕಾರ್‌ನಲ್ಲಿ 3,777 ಮೀಟರ್‌ಗೆ ಹೋಗಿ ಅಲ್ಲಿಂದ ಹಿಮದ ಏಣು ಇಳಿದೆವು. ಸುರಂಗದಿಂದ ಹೊರಬಿದ್ದರೆ ಎಡಕ್ಕೆ ಸೀದಾ ಶಮೋನಿ, ಕೆಳಗೆ ಮನೆಗಳು ಅಕ್ಕಿಕಾಳಿನ ಹಾಗೆ. ಏರುವಾಗ ಗೈಡ್ ಮುಂದೆ, ಇಳಿಯುವಾಗ ಗೈಡ್ ಹಿಂದೆ. ಹಾಗಾಗಿ ಮುಂದೆ ನಾನು! ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಆ ಇಪ್ಪತ್ತು ನಿಮಿಷ ಮೊದಲ ದಿನದ ಗದ್ದೆ ನಡಿಗೆಯೇ ಕಾಪಾಡಿತು.

ಮೋ ಬ್ಲಾಂ ಪ್ಯಾಕೇಜ್ ಈಗಲೇ ಬೇಡ. ಆರು ದಿನದಲ್ಲಿ ಅದನ್ನು ತುರುಕಿದರೆ ಕಲಿಯುವುದಕ್ಕೆ ದಿನ ಉಳಿಯುವುದಿಲ್ಲ, ಎಲ್ಲವೂ ಆ ಒಂದು ತುದಿಯ ತಯಾರಿ. ಮಾಮೂಲಿ ದಾರಿಯಲ್ಲಿ ಗೂಟೇ ಕೊರಕಲಿನಲ್ಲಿ ಕಲ್ಲು ಬೀಳುವುದು ಹೆಸರುವಾಸಿ. ನಾನು ಹೋದ ಜುಲೈನಲ್ಲೇ ಶಮೋನಿಯ ಗೈಡುಗಳು ಆ ದಾರಿಗೆ ಕರೆದೊಯ್ಯುವುದನ್ನು ಸ್ವಲ್ಪ ಕಾಲ ನಿಲ್ಲಿಸಿದ್ದರು. 1821ರಲ್ಲಿ ಶುರುವಾದ ಸಂಘ ಅವರದ್ದು. ಅವರೇ ಬೇಡ ಅಂದ ಮೇಲೆ ಮುಗಿಯಿತು.

ಬೂಟು, ಊಟ ನಾಳೆ ಬರೆಯುತ್ತೇನೆ. ಮಗಳನ್ನು ಈಜಿಗೆ ಬಿಡಬೇಕು.

ಧಾರವಾಡ ಪೇಡೆ:

ಅಡಕೆತೋಟ ಅವರೇ, ಆ ಸಂಕದ ಕತೆ ಓದಿ ಮೈ ಜುಮ್ ಅಂತು.

ಉತ್ತರಕಾಶಿ ಬಗ್ಗೆ ನಾನು ಹೇಳುತ್ತೇನೆ, 2017ರಲ್ಲಿ ಅಲ್ಲಿ ಬೇಸಿಕ್ ಕೋರ್ಸ್ ಮಾಡಿದವಳು. ನಿಮ್ಮ ಅಣ್ಣ ಹೇಳಿದ್ದು ದುಡ್ಡಿನ ಲೆಕ್ಕದಲ್ಲಿ ಸರಿ. ಆದರೆ ಅದು ನಾಲ್ಕು ವಾರದ ಕೋರ್ಸ್. ನಿಮ್ಮ ಆಫೀಸಿನಲ್ಲಿ ಒಟ್ಟಿಗೆ ಅಷ್ಟು ರಜೆ ಕೊಡುತ್ತಾರಾ? 1965ರಲ್ಲಿ ಶುರುವಾದ ಸಂಸ್ಥೆ, ಶಿಸ್ತು ಪೂರಾ ಮಿಲಿಟರಿ ಶೈಲಿ. ಬೆಳಿಗ್ಗೆ ಕತ್ತಲಲ್ಲೇ ಓಟ, ಆಮೇಲೆ ಟೆಕ್ಲಾ ಬಂಡೆಗಳ ಹತ್ತಿರ ಬಂಡೆ ಹತ್ತುವ ಪಾಠ. ಹಿಮದ ಪಾಠಕ್ಕೆ ಡೋಕ್ರಿಯಾನಿ ಬಾಮಕ್ ಹಿಮನದಿಗೆ ಎಲ್ಲ ಸಾಮಾನು ಹೊತ್ತುಕೊಂಡು ನಡೆಯಬೇಕು. ನಾಲ್ಕಾರು ಜನರ ಗುಂಪಿಗೆ ಅಲ್ಲಿ ‘ರೋಪ್’ ಅಂತಲೇ ಹೆಸರು, ಒಂದೊಂದು ರೋಪ್‌ಗೆ ಒಬ್ಬ ಉಸ್ತಾದ್. ನಿಮ್ಮ ರೋಪಿನ ಒಬ್ಬಳು ತಡವಾಗಿ ಬಂದರೆ ಇಡೀ ರೋಪ್ ಬಸ್ಕಿ ಹೊಡೆಯಬೇಕು. ನಮ್ಮ ರೋಪಿನ ಆ ಒಬ್ಬಳು ಹೆಚ್ಚಿನ ಸಲ ನಾನೇ.

ಲಾಭ ಏನೆಂದರೆ ಒಂದೇ ಗಂಟನ್ನು ನೂರು ಸಲ ಹಾಕಿಸುತ್ತಾರೆ, ಚಳಿಯಲ್ಲಿ, ಕಣ್ಣು ಮುಚ್ಚಿ. ಏಳೆಂಟು ವರ್ಷ ಕಳೆದರೂ ಕೈಗೆ ನೆನಪಿದೆ. ಎ ಗ್ರೇಡ್ ಬಂದರೆ ಮುಂದೆ ಅಡ್ವಾನ್ಸ್ ಕೋರ್ಸಿಗೆ ದಾರಿ. ಆರು ದಿನದಲ್ಲಿ ಕಲಿತದ್ದು ಆರು ತಿಂಗಳಲ್ಲಿ ಮರೆಯುತ್ತದೆ, ಅಭ್ಯಾಸ ಬಿಡಬೇಡಿ. ನನ್ನ ಕೇಳಿದರೆ, ಯುರೋಪಿನಲ್ಲಿರುವವರೆಗೆ ಅಲ್ಲಿನದ್ದು ಮಾಡಿ. ಊರಿಗೆ ವಾಪಸ್ ಬಂದ ಮೇಲೆ ಇದು ಇದ್ದೇ ಇದೆ.

ಬಾಸೆಲ್ ಅತ್ತಿಗೆ:

ನಾನು ಬೆಟ್ಟ ಹತ್ತುವವಳಲ್ಲ. ಹತ್ತುವವರನ್ನು ಕೆಳಗೆ ಕಾಯುವವಳು, ಹದಿನಾಲ್ಕು ವರ್ಷದ ಅನುಭವ. ಹಾಗಾಗಿ ನಿಮ್ಮ ಹೆಂಡತಿಯ ಪರವಾಗಿ ಎರಡು ಮಾತು.

ಒಂದು, ವಿಮೆ. ಫ್ರಾನ್ಸ್‌ನ ಬೆಟ್ಟದಲ್ಲಿ ಸರ್ಕಾರದ ರಕ್ಷಣಾ ತಂಡ ಬಂದರೆ ಬಿಲ್ ಬರುವುದಿಲ್ಲ. ಗಡಿ ದಾಟಿ ಸ್ವಿಟ್ಜರ್‌ಲ್ಯಾಂಡ್‌ಗೆ ಕಾಲಿಟ್ಟರೆ ಹೆಲಿಕಾಪ್ಟರ್‌ಗೆ ಬಿಲ್ ಬರುತ್ತದೆ, ಚೆನ್ನಾಗೇ ಬರುತ್ತದೆ. ಮೇಲಿನವರು ಹೇಳಿದ ತುದಿಗೆ ದಾರಿ ಗಡಿ ದಾಟುತ್ತದೆ ನೋಡಿ. ನಮ್ಮ ಯಜಮಾನರು ಆಸ್ಟ್ರಿಯಾದ ಆಲ್ಪೈನ್ ಕ್ಲಬ್ ಸದಸ್ಯರು, ಯಾವ ದೇಶದಲ್ಲಿದ್ದರೂ ಸೇರಬಹುದು. ಅದರಲ್ಲಿ ರಕ್ಷಣಾ ಖರ್ಚು 25,000 ಯೂರೋವರೆಗೆ ಸೇರಿದೆ, ಹಟ್‌ಗಳಲ್ಲಿ ಮಲಗುವ ದರದಲ್ಲೂ ರಿಯಾಯಿತಿ. ಸೇರುವ ಮುಂಚೆ ಈಗಿನ ಷರತ್ತು ಒಮ್ಮೆ ಓದಿಕೊಳ್ಳಿ. ತುರ್ತಿಗೆ ಎಲ್ಲ ಕಡೆ 112, ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ರೇಗಾ ಅನ್ನುವ ರಕ್ಷಣಾ ಸಂಸ್ಥೆಯ ಹೆಲಿಕಾಪ್ಟರ್‌ಗೆ 1414.

ಎರಡು, ಹೊರಡುವ ಮುಂಚೆ ಫ್ರಿಜ್ ಮೇಲೆ ಒಂದು ಚೀಟಿ. ಯಾವ ರಾತ್ರಿ ಯಾವ ಹಟ್, ಅದರ ಫೋನ್ ನಂಬರ್, ಎಷ್ಟು ಹೊತ್ತಿನವರೆಗೆ ಸುದ್ದಿ ಬಾರದಿದ್ದರೆ ಗಾಬರಿ ಬೇಡ. ‘ಸಂಜೆ ಫೋನ್ ಮಾಡ್ತೀನಿ’ ಅಂತ ಮಾತ್ರ ಹೇಳಬೇಡಿ. ಸಿಗ್ನಲ್ ಸಿಗದೆ ನೀವು ಅಲ್ಲಿ ಸೂಪ್ ಕುಡಿಯುತ್ತಾ ಕೂತಿರುತ್ತೀರಿ, ಇಲ್ಲಿ ನಾವು ದೇವರಿಗೆ ಹರಕೆ ಹೊತ್ತುಕೊಂಡು ಕೂತಿರುತ್ತೇವೆ.

ಅರಸೀಕೆರೆ ಹುಡುಗ:

ಅತ್ತಿಗೆ, ನಿಮ್ಮ ಉತ್ತರವನ್ನು ಹಾಗೇ ಹೆಂಡತಿಗೆ ಓದಿ ಹೇಳಿದೆ. ಮೊದಲ ಸಲ ಬಾಯಿ ಬಿಟ್ಟಳು, ‘ಚೀಟಿ ಇವತ್ತೇ ಬರೆದುಬಿಡಿ’ ಅಂತ. ಒಪ್ಪಿದ ಹಾಗೇ ಅಲ್ವಾ?

ಅಡಕೆತೋಟ ಅಣ್ಣ, ಬೂಟು ಮತ್ತೆ ಊಟ ಬಾಕಿ ಇದೆ. ಇನ್ನೊಂದು, ಈ ಚಪ್ಪಟೆ ದೇಶದಲ್ಲಿ ತಯಾರಿ ಹೇಗೆ?

ಅಡಕೆತೋಟ:

ಒಪ್ಪಿದ ಹಾಗೇ. ಬದಲಾಯಿಸುವ ಮುಂಚೆ ಬುಕ್ ಮಾಡಿ. ಗೈಡ್‌ಗೆ ಅಂತರರಾಷ್ಟ್ರೀಯ ಸಂಘದ ಯುಐಎಜಿಎಂ ಬ್ಯಾಡ್ಜ್ ಇದೆಯಾ, ಒಬ್ಬ ಗೈಡ್‌ಗೆ ಎಷ್ಟು ಜನ, ಇವೆರಡು ಕೇಳಿಕೊಳ್ಳಿ. ಶುಲ್ಕದಲ್ಲಿ ಏನೇನು ಸೇರಿದೆ ಅನ್ನುವುದನ್ನೂ ಕೇಳಿ. ನಮ್ಮಲ್ಲಿ ಹಟ್, ಕೇಬಲ್ ಕಾರ್, ಬಾಡಿಗೆ ಸಾಮಾನು ಎಲ್ಲ ಮೇಲಿನ ಖರ್ಚು. ಗೈಡ್‌ನ ಹಟ್ ಖರ್ಚನ್ನೂ ನಾವೇ ಹಂಚಿಕೊಂಡೆವು. ಅದು ಅಲ್ಲಿನ ಪದ್ಧತಿ.

ಕ್ರ್ಯಾಂಪಾನ್, ಆಕ್ಸ್, ಹೆಲ್ಮೆಟ್, ಹಾರ್ನೆಸ್ ಬಾಡಿಗೆಗೆ ತಗೊಳ್ಳಿ. ಬೂಟಿನಲ್ಲಿ ನಾನು ಪೆಟ್ಟು ತಿಂದೆ. ಟ್ರೆಕಿಂಗ್ ಬೂಟು ಬಗ್ಗುತ್ತದೆ, ಕ್ರ್ಯಾಂಪಾನ್ ಕಳಚಿಕೊಳ್ಳುತ್ತದೆ. ಗಟ್ಟಿ ಅಡಿಯ, ಹಿಮ್ಮಡಿಯಲ್ಲಿ ತೋಡು ಇರುವ ಬಿ2 ವರ್ಗದ್ದು ಬೇಕು. ಒಂದು ಅಂಗಡಿಯಲ್ಲಿ ಗಡಿಬಿಡಿಯಲ್ಲಿ ಬಾಡಿಗೆಗೆ ತಗೊಂಡೆ, ತೆಳು ಕಾಲುಚೀಲ ಹಾಕಿ ನೋಡಿ ಸರಿ ಇದೆ ಅಂದೆ. ಅರ್ಧ ಸೈಜು ಚಿಕ್ಕದಿತ್ತು. ಹತ್ತುವಾಗ ಗೊತ್ತಾಗಲಿಲ್ಲ. ಆಲ್ಬರ್ಟ್ ಪ್ರೀಮಿಯೇಯಿಂದ ಇಳಿಯುವಾಗ ಒಂದೊಂದು ಹೆಜ್ಜೆಗೂ ಹೆಬ್ಬೆರಳು ಗೋಡೆಗೆ ಗುದ್ದಿದ ಹಾಗೆ. ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ, ದೀಪಾವಳಿ ಹೊತ್ತಿಗೆ ಉದುರಿದವು. ದಪ್ಪ ಕಾಲುಚೀಲ ಹಾಕಿ, ಅಂಗಡಿಯಲ್ಲೇ ಇಳಿಜಾರಿದ್ದರೆ ಅದರ ಮೇಲೆ ಇಳಿದು ನೋಡಿ. ನಾಚಿಕೆ ಬೇಡ.

ಊಟ. ಹಟ್‌ನಲ್ಲಿ ರಾತ್ರಿ ಎಲ್ಲರಿಗೂ ಒಂದೇ ಊಟ. ಬುಕ್ ಮಾಡುವಾಗಲೇ ಸಸ್ಯಾಹಾರಿ ಅಂತ ಬರೆಸಿ, ಮೊಟ್ಟೆ ಇಲ್ಲ ಅಂತ ಬೇರೆ ಸಾಲಿನಲ್ಲಿ ಬರೆಸಿ. ಇಲ್ಲದಿದ್ದರೆ ಪ್ರೀತಿಯಿಂದ ಆಮ್ಲೆಟ್ ತಂದಿಡುತ್ತಾರೆ. ನನಗೆ ಸೂಪು, ಪಾಸ್ತಾ, ಗಿಣ್ಣು. ಚೀಸ್ ಅಂತ ಓದಿಕೊಳ್ಳಿ, ನಮ್ಮನೆಯಲ್ಲಿ ಅದಕ್ಕೆ ಗಿಣ್ಣು ಅಂತಲೇ ಹೆಸರು ಬಿದ್ದಿದೆ. ಚಟ್ನಿಪುಡಿ ಡಬ್ಬಿ ಒಯ್ದಿದ್ದೆ. ನರ್ಸ್ ಪಾಸ್ತಾ ಮೇಲೆ ಉದುರಿಸಿಕೊಂಡು ಎರಡು ಲೋಟ ನೀರು ಕುಡಿದಳು, ಮತ್ತೆ ಕೇಳಿದಳು. ಕುಡಿಯುವ ನೀರು ಹಟ್‌ನಲ್ಲಿ ಬಾಟಲಿ ಲೆಕ್ಕ, ಕೆಳಗಿನ ರೇಟಿನ ಎಷ್ಟೋ ಪಾಲು, ಬೇಸರ ಮಾಡಿಕೊಳ್ಳಬೇಡಿ. ಬೂಟು ಬಾಗಿಲಲ್ಲೇ ಬಿಟ್ಟು ಅವರ ಚಪ್ಪಲಿ ಹಾಕಿಕೊಳ್ಳಬೇಕು. ಮಲಗಲು ತೆಳು ಬಟ್ಟೆಯ ಒಳಚೀಲ ನಾವೇ ಒಯ್ಯಬೇಕು. ಒಂದೇ ಅಟ್ಟದಲ್ಲಿ ಸಾಲಾಗಿ ಮಲಗುವುದು, ಮದುವೆಮನೆಯ ಹಾಗೆ. ಗೊರಕೆಗೆ ಕಿವಿಗೆ ಹತ್ತಿ.

ಚಪ್ಪಟೆ ದೇಶದ ತಯಾರಿಗೆ ಹತ್ತು ಕೆಜಿ ಬ್ಯಾಗು ಹೊತ್ತು ನಿಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿ. ಹತ್ತುವುದಕ್ಕಿಂತ ಇಳಿಯುವುದು ಮುಖ್ಯ, ಲಿಫ್ಟ್‌ನಲ್ಲಿ ಇಳಿಯಬೇಡಿ. ನೀವು ಸಮುದ್ರಮಟ್ಟದಿಂದ ಹೋಗುವವರು, ಎರಡು ದಿನ ಮುಂಚೆ ಹೋಗಿ ಕೇಬಲ್ ಕಾರ್‌ನಲ್ಲಿ ಮೇಲೆ ಹೋಗಿ ಬಂದು ಮಾಡಿ. ಮೊದಲ ರಾತ್ರಿ 2,700 ಮೀಟರ್‌ನಲ್ಲಿ ನನಗೆ ತಲೆನೋವು ಇತ್ತು, ನಿದ್ದೆ ಇಲ್ಲ, ಬೆಳಿಗ್ಗೆ ಸರಿಹೋಯಿತು. ಸರಿಹೋಗದೇ ವಾಂತಿ ಶುರುವಾದರೆ ಗೈಡ್‌ಗೆ ಮುಚ್ಚಿಡಬೇಡಿ, ಇಳಿಯುವುದೇ ಔಷಧಿ.

ಅರಸೀಕೆರೆ ಹುಡುಗ:

ಬುಕ್ ಮಾಡಿದೆ! ಜುಲೈ ಮೊದಲ ವಾರ, ಒಬ್ಬ ಗೈಡ್‌ಗೆ ನಾಲ್ಕು ಜನ. ಮೊಟ್ಟೆ ಇಲ್ಲ ಅಂತ ಬೇರೆ ಸಾಲಿನಲ್ಲೇ ಬರೆಸಿದೆ. ಮಂಚದ ಕಾಲಿಗೆ ಹಗ್ಗ ಕಟ್ಟಿದ್ದೇನೆ. ಪ್ರೂಸಿಕ್ ಕಚ್ಚುತ್ತಿದೆ, ಆದರೆ ಆಮೇಲೆ ಬಿಡುತ್ತಿಲ್ಲ.

ಅಡಕೆತೋಟ:

ಸುತ್ತುಗಳ ಮೇಲೆ ಅಡ್ಡ ಕೂರುವ ಆ ಒಂದು ಎಳೆ ಇದೆಯಲ್ಲ, ಅದನ್ನು ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿ. ಸಡಿಲವಾಗುತ್ತದೆ. ಮತ್ತೆ ಹೋಗುವ ಹಿಂದಿನ ದಿನ ಕಾಲುಗುರು ಕತ್ತರಿಸಿಕೊಳ್ಳಿ.